ಜೋಡಿ ಗುಂಡು ಕೇಳಿದ ಮೇಲೂ ನಡೆದವರು

ಇದನ್ನು ನೀವು ನಂಬುವುದಿಲ್ಲ. ನಂಬುವುದೇ ಬೇಡ. ನನ್ನ ಮಾತು ನಂಬಿ ಕೆಟ್ಟವರು ಪಂಜದಿಂದ ಪುತ್ತೂರಿನವರೆಗೆ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಇನ್ನೂ ನನ್ನ ಮುಖ ಕಂಡರೆ ರಸ್ತೆ ದಾಟುತ್ತಾರೆ. ಆದರೂ ಒಂದು ಪಂಥ ಕಟ್ಟೋಣ. ಮುಂದೆ ಹೇಳುವುದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು, ಉಳಿದದ್ದೆಲ್ಲ ನಡೆದದ್ದು. ಯಾವುದು ಸುಳ್ಳೆಂದು ಹುಡುಕಿ. ನಿಮ್ಮಿಂದ ಆಗಲಿಕ್ಕಿಲ್ಲ.

ಮೊನ್ನೆ ಪುತ್ತೂರಿನಲ್ಲಿ ಕ್ಷೌರಕ್ಕೆ ಕುಳಿತಿದ್ದೆ. ನನ್ನ ತಲೆಯಲ್ಲಿ ಕತ್ತರಿಸುವುದಕ್ಕೆ ಏನೂ ಉಳಿದಿಲ್ಲ, ನಾನು ಹೋಗುವುದು ಮಾತಾಡುವುದಕ್ಕೆ. ಹುಡುಗ ಗಡ್ಡ ತೆಗೆದು ಮುಗಿಸಿ, ಬಿಸಿನೀರಿಗೆ ಡೆಟ್ಟಾಲ್ ಹನಿಸಿ, ಬಟ್ಟೆ ಹಿಂಡಿ ಮುಖಕ್ಕೆ ಒತ್ತಿದ. ಆ ವಾಸನೆ... ಕುರ್ಚಿಯ ಕೈ ಗಟ್ಟಿ ಹಿಡಿದುಕೊಂಡೆ. ಹುಡುಗ ಗಾಬರಿಯಾದ.

“ಎಂತಾಯ್ತು ಅಜ್ಜ? ಬಿಸಿ ಜಾಸ್ತಿಯಾಯ್ತಾ?”

“ಇಲ್ಲ ಮಾರಾಯ, ಹೆರಿಗೆ ನೆನಪಾಯ್ತು.”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ನಾನು ಬಟ್ಟೆಯನ್ನು ಮುಖದಿಂದ ತೆಗೆಯಲಿಲ್ಲ.

ಆ ವಾಸನೆ ನಮ್ಮ ಊರಿಗೆ ಬಂದದ್ದು ನರ್ಸಮ್ಮನ ಜೊತೆಯಲ್ಲಿ. ಅವರು ನಮ್ಮೂರಿನ ಹೆಣ್ಣೇ. ಮದುವೆಯಾಗಿ ಮದ್ರಾಸಿಗೆ ಹೋದವರು, ಅಲ್ಲಿ ಕೆಲಸ ಕಲಿತು ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಗಂಡ ಜ್ವರದಲ್ಲಿ ಹೋದರು. ಅದೇ ವರ್ಷ ಹುಟ್ಟಿದ ಮಗುವೂ ಹೋಯಿತು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಪಂಜದಲ್ಲಿ ಬಸ್ಸಿಳಿದರು. ಅಣ್ಣನ ಮನೆಗೆ ಹೋಗಿ ಮೂಲೆಯಲ್ಲಿ ಕೂರುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ರಸ್ತೆಬದಿಯಲ್ಲಿ ಒಂದು ಕೋಣೆ ಹಿಡಿದರು. “ನಮ್ಮ ಕಡೆಯ ಹೆಂಗಸರಿಗೆ ಹೆರಿಗೆ ಕಷ್ಟ ಆದ್ರೆ ಕೇಳುವವರಿಲ್ಲ, ಅದಕ್ಕೇ ಬಂದದ್ದು” ಎಂದು ಬಂದವರಿಗೆಲ್ಲ ಹೇಳಿದರು.

ಯಾರೂ ಕರೆಯಲಿಲ್ಲ. ಗಂಡನನ್ನೂ ಮಗುವನ್ನೂ ಕಳೆದುಕೊಂಡವಳ ಕೈ ಬಾಣಂತಿಗೆ ಸೋಕಬಾರದಂತೆ. ಅವರು ದಾರಿಯಲ್ಲಿ ಎದುರಾದರೆ ಬಸುರಿ ಹೆಂಗಸರು ಮುಖ ತಿರುಗಿಸಿ ನಿಲ್ಲುತ್ತಿದ್ದರು. ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ಅವರು ಕತ್ತರಿ, ಬಟ್ಟೆ ಕುದಿಸಿ ಒಣಗಿಸಿ ಇಡುವುದು, ಮರುದಿನ ಅದನ್ನೇ ಮತ್ತೆ ಕುದಿಸುವುದು...

ಇಂಥ ಹೊತ್ತಿನಲ್ಲಿ ಊರಿಗೆ ಬೇಕಾದದ್ದು ನನ್ನಂಥವನು. ನನಗಾಗ ಇಪ್ಪತ್ತರ ಆಸುಪಾಸು. ಕಿತಾಪತಿಯಲ್ಲಿ ನನ್ನನ್ನು ಮೀರಿಸುವವರು ಸುಳ್ಯ ಪೇಟೆಯಲ್ಲೂ ಇರಲಿಲ್ಲ. ಒಂದು ಬೆಳಿಗ್ಗೆ ನರ್ಸಮ್ಮನ ಕೋಣೆಗೆ ಓಡಿಹೋಗಿ, “ನಮ್ಮ ಮನೆಯಲ್ಲಿ ಹೆರಿಗೆ ನೋವು ಶುರುವಾಗಿದೆ, ಬೇಗ ಬನ್ನಿ” ಎಂದೆ. ಪಾಪ, ಗುಡ್ಡ ಹತ್ತಿ ಇಳಿದು ಏದುಸಿರು ಬಿಡುತ್ತ ಬಂದರು. ನಾನು ನೇರ ದನದ ಹಟ್ಟಿಗೆ ಕರೆದುಕೊಂಡು ಹೋಗಿ ನಮ್ಮ ಎಮ್ಮೆಯನ್ನು ತೋರಿಸಿದೆ.

ಅವರು ನನ್ನನ್ನೊಮ್ಮೆ ನೋಡಿದರು, ಎಮ್ಮೆಯನ್ನೊಮ್ಮೆ ನೋಡಿದರು. ಸೀರೆ ಎತ್ತಿ ಸಿಕ್ಕಿಸಿ, “ಬಾಲ ಹಿಡ್ಕೋ” ಎಂದರು. ಅರ್ಧ ದಿನ ನಾನು ಬಾಲ ಹಿಡಿದು ನಿಂತಿದ್ದೆ. ಕರು ಹೊರಗೆ ಬಂದ ಮೇಲೆ ಕೈ ತೊಳೆದುಕೊಳ್ಳುತ್ತ, “ಮುಂದಿನ ಸಲ ಮನುಷ್ಯರದ್ದಿದ್ರೂ ಕರಿ. ಅದೂ ಗೊತ್ತುಂಟು ನಂಗೆ” ಎಂದರು. ಅಮ್ಮ ಹಟ್ಟಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಅಂದಿನಿಂದ ಊರು ಅವರನ್ನು ಎಮ್ಮೆ ನರ್ಸಮ್ಮ ಎಂದು ಕರೆಯತೊಡಗಿತು. ಹೆಸರಿಟ್ಟವನು ನಾನೇ, ಅದರಲ್ಲಿ ಸಂಶಯ ಬೇಡ.

ಆ ವರ್ಷ ಗದ್ದೆ ಬಲಿತು ಕೊಯ್ಲಿಗೆ ಬರುವ ಹೊತ್ತಿಗೆ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾಗಿ ಒಂದು ರಾತ್ರಿ ಕಳೆಯಿತು, ಬೆಳಗಾಯಿತು, ಬಿಸಿಲೇರಿತು. ಊರಿನ ಸೂಲಗಿತ್ತಿ ಅಜ್ಜಿ ಹೊರಗೆ ಬಂದು ಜಗಲಿಯಲ್ಲಿ ಕುಕ್ಕರಿಸಿದಳು. “ಮಗು ಕಾಲು ಮುಂದೆ ಮಾಡಿ ಬರ್ತಾ ಉಂಟು. ನನ್ನ ಕೈಯಲ್ಲಿ ಆಗುದಿಲ್ಲ” ಎಂದಳು. ಅಮ್ಮ ನನ್ನ ಕಡೆ ತಿರುಗಿದಳು. “ಹೋಗು. ಆ ನರ್ಸಮ್ಮನನ್ನು ಕರ್ಕೊಂಡು ಬಾ. ಯಾರು ಎಂತ ಹೇಳಿದ್ರೂ ನಿಲ್ಬೇಡ.”

ಓಡಿದೆ ನೋಡಿ. ಪಂಜದಿಂದ ಕಡಬದವರೆಗೆ ನನ್ನಷ್ಟು ಜೋರಾಗಿ ಓಡುವವರು ಆಗ ಇರಲಿಲ್ಲ, ಈಗಲೂ ಇಲ್ಲ. ಕೋಣೆಯ ಬಾಗಿಲಿಗೆ ಹೋಗಿ ನಿಂತೆ.

“ಈ ಸಲ ದನವಾ, ಎಮ್ಮೆಯಾ?” ಎಂದರು ನರ್ಸಮ್ಮ.

“ಅಕ್ಕ” ಎಂದೆ.

ಅವರು ನನ್ನ ಮುಖ ನೋಡಿದರು. ಮತ್ತೆ ಒಂದೂ ಪ್ರಶ್ನೆ ಕೇಳದೆ ಪೆಟ್ಟಿಗೆ ಎತ್ತಿಕೊಂಡರು.

ಗುಡ್ಡದ ನೆತ್ತಿಯಲ್ಲಿ ದೊಡ್ಡಪ್ಪ ಸಿಕ್ಕಿದರು. ಅವರೂ ಸುದ್ದಿ ಕೇಳಿ ನಮ್ಮ ಮನೆಗೇ ಹೊರಟವರು. ನರ್ಸಮ್ಮನನ್ನು ಕಂಡು ಮುಖ ಸಿಂಡರಿಸಿದರು. ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ, ನಮ್ಮ ಮನೆಯ ಕಡೆಯಿಂದಲೇ, ಕೋವಿಯ ಸದ್ದು. ಢಂ. ಅದರ ಬೆನ್ನಿಗೇ ಇನ್ನೊಂದು. ಢಂ.

ನಮ್ಮ ಕಡೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಗಳು ಗುಡ್ಡಕ್ಕೊಂದು, ಬಯಲಿಗೊಂದು. ಸುದ್ದಿ ಮುಟ್ಟಿಸುವುದಕ್ಕೆ ಕೋವಿಯೇ ಆಗಬೇಕು. ಬೆನ್ನು ಬೆನ್ನಿಗೆ ಎರಡು ಗುಂಡು ಕೇಳಿದರೆ ಆ ದಿಕ್ಕಿನಲ್ಲಿ ಸಾವಾಗಿದೆ ಎಂದರ್ಥ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು, ಗಂಡಸರು ಚಿತೆಗೆ ಮಾವಿನ ಮರ ಕಡಿಯಲು ಕೊಡಲಿ ತರಬೇಕು.

ದೊಡ್ಡಪ್ಪ ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆ ತೆಗೆದರು. ನಾನು ಅಲ್ಲೇ ಮುರಕಲ್ಲಿನ ಮೇಲೆ ಕುಳಿತುಬಿಟ್ಟೆ. ಅಷ್ಟು ಓಡಿದ ಕಾಲುಗಳು ನನ್ನವೇ ಅಲ್ಲ ಎನ್ನುವ ಹಾಗೆ...

“ಮುಗೀತು” ಎಂದರು ದೊಡ್ಡಪ್ಪ. “ನರ್ಸಮ್ಮ, ನೀವಿನ್ನು ಬರುದು ಬೇಡ. ನೀವು ಹೊರಟದ್ದೇ ಸಾಕಾಯ್ತು.”

ಆ ಕೊನೆಯ ಮಾತು ನನಗೂ ಚುಚ್ಚಿತು. ಅವರಿಗೆ ಚುಚ್ಚದೆ ಇದ್ದೀತೇ? ಅವರು ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು, ಅಷ್ಟೆ.

“ಆ ಕೋವಿ ನಾಡಿ ಹಿಡಿದು ನೋಡಿತಾ?” ಎಂದರು.

“ಎಂತ?”

“ಸತ್ತದ್ದು ಹೌದಾ ಅಂತ ನಾಡಿ ಹಿಡಿದು ನೋಡ್ಬೇಕು. ನಾನು ನೋಡ್ಲಿಲ್ಲ. ನೀವು ನೋಡ್ಲಿಲ್ಲ. ಕೋವಿ ನೋಡಿತಾ?”

“ಕೋವಿ ಸುಳ್ಳು ಹೇಳುದಿಲ್ಲಮ್ಮ! ಒಂದು ಸಾವಿನ ಮನೆ ಮೆಟ್ಟಿದ್ರೆ ಮತ್ತೆ ನಿಮ್ಮನ್ನು ಯಾವ ಮನೆಗೂ ಸೇರಿಸ್ಲಿಕ್ಕಿಲ್ಲ.”

“ಈಗ ಯಾರು ಸೇರಿಸಿದ್ದಾರೆ, ಎಮ್ಮೆ ಬಿಟ್ಟು?”

ದೊಡ್ಡಪ್ಪ ಜನ ಕೂಡಿಸಿಕೊಂಡು ಬರುತ್ತೇನೆಂದು ಇನ್ನೊಂದು ಬದಿಗೆ ಇಳಿದುಹೋದರು. ನರ್ಸಮ್ಮ ನನ್ನ ಮುಂದೆ ಬಂದು ನಿಂತರು.

“ಏಳು.”

“ಕಾಲು ಬರುದಿಲ್ಲ ನರ್ಸಮ್ಮ.”

“ಎಮ್ಮೆಗೆ ಕರ್ಕೊಂಡು ಹೋಗುವಾಗ ಹಾರ್ತಾ ಇತ್ತಲ್ಲ ಕಾಲು!”

ನಾನು ಅಳತೊಡಗಿದೆ. ಅವರು ಬಗ್ಗಿ ನನ್ನ ರಟ್ಟೆ ಹಿಡಿದರು. ದನಿ ತಗ್ಗಿಸಿ ಹೇಳಿದರು: “ಅವಳು ಹೋಗಿದ್ರೂ ಮಗು ಇರ್ಬಹುದು. ಮಗುವೂ ಇಲ್ಲದಿದ್ರೆ ನಿನ್ನ ಅಮ್ಮನ ಹತ್ತಿರ ಕೂತ್ಕೊಳ್ಲಿಕ್ಕೆ ಒಬ್ರು ಬೇಕಲ್ಲ. ಮದ್ರಾಸಿನಲ್ಲಿ ನನ್ನ ಹತ್ತಿರ ಕೂರ್ಲಿಕ್ಕೆ ಯಾರೂ ಇರ್ಲಿಲ್ಲ ಮಾರಾಯ. ಏಳು, ದಾರಿ ತೋರಿಸು.”

ದಾರಿ ಅವರಿಗೆ ಗೊತ್ತಿತ್ತು. ಆದರೂ ಎದ್ದೆ.

ಆ ಇಳಿಜಾರು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಹೆಜ್ಜೆ ಹೆಜ್ಜೆಗೂ ಕಿವಿ ಕೊಟ್ಟು ನಡೆದೆ. ಸಾವಿನ ಮನೆಯ ಹೆಂಗಸರ ಅಳು ಅರ್ಧ ಗುಡ್ಡಕ್ಕೇ ಕೇಳಬೇಕು. ಕೇಳಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಅಮ್ಮ ಅತ್ತು ಅತ್ತು ಮಾತು ನಿಂತು ಕುಳಿತಿದ್ದಾಳೋ... ಗದ್ದೆಯಂಚಿನಲ್ಲಿ ನಮ್ಮ ನಾಯಿ ಎದುರಿಗೆ ಬಂತು. ಅದರ ಮುಖವನ್ನೂ ನೋಡಿದೆ, ಅದಕ್ಕೇನಾದರೂ ಗೊತ್ತಿದೆಯೋ ಎಂದು. ನನ್ನ ಮುಂದೆ ನರ್ಸಮ್ಮ ಬಿರಬಿರನೆ ನಡೆಯುತ್ತಿದ್ದರು. ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಅಂಗಳದಲ್ಲಿ ಅಮ್ಮ ನಿಂತಿದ್ದಳು. ನಮ್ಮನ್ನು ಕಂಡದ್ದೇ ನನ್ನ ಮೇಲೆ ಹಾರಿದಳು. “ಎಲ್ಲಿ ಹೋಗಿ ಸತ್ತಿದ್ದಿ ಇಷ್ಟು ಹೊತ್ತು?”

“ಅಕ್ಕ... ಅಕ್ಕ ಇದ್ದಾಳಾ?”

“ಇಲ್ಲದೆ ಎಲ್ಲಿಗೆ ಹೋಗುದು? ಬನ್ನಿ ನರ್ಸಮ್ಮ, ಒಳಗೆ ಬನ್ನಿ!”

ಗುಂಡು ನಮ್ಮ ಮನೆಯಲ್ಲೂ ಕೇಳಿತ್ತಂತೆ. ಆಚೆಮನೆಯಲ್ಲಿ ವಯಸ್ಸಾದವರು ಯಾರೋ ಹೋದರು ಎಂದುಕೊಂಡು ಸುಮ್ಮನಿದ್ದರಂತೆ.

ಬಾಗಿಲು ಮುಚ್ಚಿತು. ಅಕ್ಕ ಇದ್ದಾಳೆ ಎಂದು ಉಸಿರು ಬಿಟ್ಟದ್ದು ಅಷ್ಟೇ, ಇನ್ನೂ ಎಷ್ಟು ಹೊತ್ತು ಇರುತ್ತಾಳೋ ಎನ್ನುವ ಭಯ ಅದಕ್ಕಿಂತ ದೊಡ್ಡದಾಗಿ ಬಂದು ಕೂತಿತು. ಬಾಗಿಲ ಸಂದಿನಿಂದ ಆ ಡೆಟ್ಟಾಲ್ ವಾಸನೆ ಹೊರಗೆ ಬಂತು. ಅದನ್ನು ಮೂಸುತ್ತ ಹೊಸ್ತಿಲ ಹತ್ತಿರವೇ ನಿಂತೆ.

ಅಷ್ಟರಲ್ಲಿ ಬಂದರಲ್ಲ ದೊಡ್ಡಪ್ಪ, ಊರಿಗೆ ಊರನ್ನೇ ಕಟ್ಟಿಕೊಂಡು! ಗಂಡಸರ ಹೆಗಲಲ್ಲಿ ಕೊಡಲಿ. ಎಲ್ಲರಿಗಿಂತ ಮುಂದೆ ದೊಡ್ಡಮ್ಮ, ಅಂಗಳಕ್ಕೆ ಕಾಲಿಟ್ಟದ್ದೇ ಎದೆ ಬಡಿದುಕೊಂಡು, “ಅಯ್ಯೋ ಮಗಳೇ, ನಮ್ಮನ್ನೆಲ್ಲ ಬಿಟ್ಟು ಹೋದಿಯಾ...” ಎಂದು ರಾಗ ತೆಗೆದರು. ನಾನು ಕೈ ಅಡ್ಡ ಹಿಡಿದು, “ಅಕ್ಕ ಸತ್ತಿಲ್ಲ, ಸತ್ತಿಲ್ಲ” ಎಂದು ಕಿರುಚಿದೆ. ನನ್ನ ಮಾತನ್ನು ಯಾರು ನಂಬುತ್ತಾರೆ? “ಪಾಪ, ಹುಡುಗನಿಗೆ ಮಂಡೆ ಕೆಟ್ಟಿತು” ಎಂದು ಒಬ್ಬರು ಬೆನ್ನು ಸವರಿದರು.

ಆಗ ಒಳಗಿನಿಂದ ಅಕ್ಕ ಕೂಗಿದಳು. “ಅದ್ಯಾರು ದೊಡ್ಡಮ್ಮನಾ? ನಾನು ಸತ್ತ ಮೇಲೆ ಅಳಿ ಮಾರಾಯ್ರೆ! ಈಗ ಒಮ್ಮೆ ಬಾಯಿ ಮುಚ್ಚಿ!”

ನಂಬುವುದಿಲ್ಲ ಅಲ್ಲವೇ? ದೊಡ್ಡಮ್ಮ ಎತ್ತಿದ ಕೈ ಎತ್ತಿದ ಹಾಗೆಯೇ ನಿಂತರು.

ಸಾವಿಗೆಂದು ಬಂದವರು ಹೆರಿಗೆಗೆ ಕಾದು ಕುಳಿತರು. ಒಳಗೆ ನರ್ಸಮ್ಮನ ದನಿ ಮಾತ್ರ, “ಈಗ ಬೇಡ... ಈಗ ಬೇಡ... ಹ್ಞಾಂ, ಈಗ” ಎಂದು. ಆಮೇಲೆ ಅದೂ ನಿಂತಿತು. ದೊಡ್ಡಪ್ಪ ಕೊಡಲಿಯನ್ನು ಮೆಲ್ಲನೆ ನೆಲಕ್ಕಿಟ್ಟರು. ಒಳಗಿನಿಂದ ಚಟ್ಟೆಂದು ಒಂದು ಏಟಿನ ಸದ್ದು, ಮತ್ತೊಂದು ಏಟು... ಆಮೇಲೆ ಮಗು ಅತ್ತಿತು.

ಸರಿಯಾಗಿ ಆ ಹೊತ್ತಿಗೆ ನೆರೆಮನೆಯ ಮಾವ ಕೋವಿ ಹೆಗಲಿಗೇರಿಸಿ ಬಂದರು. ಅಂಗಳದ ಜನ ನೋಡಿ ಹುಬ್ಬೇರಿಸಿದರು.

“ಎಂತ ಇಷ್ಟು ಜನ? ಹಂದಿ ಪಾಲಿಗೆ ಬಂದದ್ದಾ? ಹಂದಿ ತಪ್ಪಿತು ಮಾರಾಯ್ರೆ, ಎರಡು ಗುಂಡೂ ಹಾಳು.”

ಗದ್ದೆಗೆ ನುಗ್ಗುವ ಹಂದಿಗೆ ಹೊಡೆದ ಗುಂಡು ತಪ್ಪಿದರೆ, ಎರಡನೆಯದಕ್ಕೆ ಮೊದಲು ಜೋರಾಗಿ ಒಂದು ‘ಕೂ’ ಹಾಕಬೇಕು, ಇದು ಸಾವಲ್ಲ, ಹಂದಿ ಎಂದು ಊರಿಗೆ ತಿಳಿಯುವ ಹಾಗೆ.

“ಕೂ ಹಾಕ್ಲಿಕ್ಕೆ ನಿನಗೆ ಎಂತ ರೋಗ?” ಎಂದು ದೊಡ್ಡಪ್ಪ ಗುಡುಗಿದರು.

“ಬಾಯಿ ತುಂಬ ಎಲೆಯಡಿಕೆ ಇತ್ತು ಭಾವ. ಉಗುಳಿ ಕೂ ಹಾಕುವಾಗ ಹಂದಿ ಕಡಬ ಮುಟ್ತಿತ್ತು.”

ಬಾಗಿಲು ತೆರೆದು ಹೊರಗೆ ಬಂದ ನರ್ಸಮ್ಮ ಇದನ್ನು ಕೇಳಿಸಿಕೊಂಡರು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಗಂಡಸರು ಚಿತೆಗೆ ತಂದ ಕೊಡಲಿಗಳಿಂದ ಮಗುವಿನ ಸ್ನಾನದ ನೀರಿಗೆ ಸೌದೆ ಒಡೆದರು.

ಆಮೇಲೆ ನರ್ಸಮ್ಮನ ಕೋಣೆಯ ಬಾಗಿಲು ಹೆಚ್ಚಾಗಿ ಮುಚ್ಚಿಯೇ ಇರುತ್ತಿತ್ತು. ಅವರು ಅಲ್ಲಿದ್ದರೆ ತಾನೆ? ಕಡಬದ ಕಡೆಯಿಂದ ಕರೆ, ಅಜ್ಜಾವರದಿಂದ ಕರೆ. ಮುಖ ತಿರುಗಿಸಿದ ಮನೆಗಳಿಗೂ ಹೋದರು. ಎಷ್ಟೋ ಕಡೆ ನಡೆದೇ ಹೋದರು. ನಾನು ಪುತ್ತೂರಿಗೆ ಬಂದು ವ್ಯಾಪಾರ ಹಿಡಿದೆ. ಊರಿಗೆ ಹೋದಾಗ ನೋಡೋಣ, ಮುಂದಿನ ಸಲ ನೋಡೋಣ ಎಂದು... ಅವರು ತೀರಿದ ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಯಾರೋ ಬೇರೆ ಮಾತಿನ ನಡುವೆ ಹೇಳಿದಾಗ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಮೊನ್ನೆ ಕ್ಷೌರದ ಅಂಗಡಿಯಿಂದ ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಬಂದವಳು ಅಂದು ಹುಟ್ಟಿದ ಆ ಸೋದರ ಸೊಸೆಯೇ. ಈಗ ಅವಳೂ ಮೊಮ್ಮಕ್ಕಳ ಅಜ್ಜಿ. “ಕಣ್ಣು ಯಾಕೆ ಕೆಂಪಾಗಿದೆ ಮಾವ?” ಎಂದಳು. ಸೋಪು ಹೋಯಿತು ಎಂದೆ. ಅದು ಸುಳ್ಳು, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಂಥದ ಸುಳ್ಳು ಬೇರೆ. ಎಮ್ಮೆ ನಿಜ. ದೊಡ್ಡಮ್ಮನಿಗೆ ಅಕ್ಕ ಬೈದದ್ದು ನಿಜ. ಬಾಯಿ ತುಂಬ ಎಲೆಯಡಿಕೆ, ಅದೂ ನಿಜ. ನರ್ಸಮ್ಮ ನಕ್ಕದ್ದು ಸುಳ್ಳು. ನಾನು ಬಿಸಿನೀರು ತರಲು ಹಿತ್ತಿಲಿಗೆ ಹೋದಾಗ ಅವರು ಹಂಡೆಯ ಪಕ್ಕದಲ್ಲಿ ಕುಳಿತು, ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ನನ್ನನ್ನು ಕಂಡು, “ಯಾರಾದ್ರೂ ಕೇಳಿದ್ರೆ ನಗ್ತಾ ಇದ್ರು ಅಂತ ಹೇಳು” ಎಂದರು. ಕೇಳಿದವರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದೆ. ಈಗ ಕೇಳುವವರು ಯಾರೂ ಉಳಿದಿಲ್ಲ.