ವ್ಯಾನ್ ಹತ್ತದ ಸೈಕಲ್ಲು

ಬೆಟ್ಟದ ಸೈಕಲ್ ಸವಾರಿಗೆ ನಾನು ಹೋದದ್ದು ಆರೋಗ್ಯಕ್ಕಲ್ಲ, ನಿಸರ್ಗ ನೋಡುವುದಕ್ಕಂತೂ ಅಲ್ಲವೇ ಅಲ್ಲ. ನಮ್ಮನೆಯವರ ಮೇಲಿನ ಸಿಟ್ಟಿಗೆ ಹೋದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಬಂದು ನೀವು ಸ್ಫೂರ್ತಿ ಗೀರ್ತಿ ಅನ್ನಬಾರದು.

ಸೈಕಲ್ಲು ಮಗಳದ್ದು. ಕಾಲೇಜಿಗೆ ತುಳಿದುಕೊಂಡು ಹೋಗುತ್ತಿದ್ದಳು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಬಸ್ಸಿನಲ್ಲಿ ಓಡಾಡತೊಡಗಿದಳು, ಸೈಕಲ್ಲು ಮೆಟ್ಟಿಲ ಕೆಳಗೆ ಸೇರಿತು. ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್ಲು. ಗೇರು ಏನೂ ಇಲ್ಲ. ಅದನ್ನು ಹೊರಗೆ ತೆಗೆದು ಒರೆಸಿದವಳು ನಾನು, ಶುಕ್ರವಾರದ ಕಾಟ ತಡೆಯಲಾರದೆ.

ಶುಕ್ರವಾರ ನನಗೆ ನಮ್ಮ ಬಡಾವಣೆಯ ಅಮ್ಮನವರ ಗುಡಿಗೆ ಹೋಗಲೇಬೇಕು. ಮದುವೆಯಾಗಿ ವಿದ್ಯಾರಣ್ಯಪುರಂಗೆ ಬಂದಾಗಿನಿಂದ ಇವರ ಸ್ಕೂಟರಿನ ಹಿಂದೆ ಕೂತು ಹೋಗಿದ್ದೇನೆ. ಇವರಿಗೆ ದೇವರ ಮೇಲೆ ಭಕ್ತಿ ಇಲ್ಲ ಅಂತಲ್ಲ, ಭಯ ಬೇಕಾದಷ್ಟಿದೆ. ಶುಕ್ರವಾರ ಉಗುರು ಕತ್ತರಿಸುವವರಲ್ಲ. ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಬೇರೆ ಯಾರಾದರೂ ದಾಟಿ ಹೋಗುವವರೆಗೆ ಕಾಯುತ್ತಾರೆ. ಆ ಸ್ಕೂಟರ್ ಕೊಂಡಾಗ ಚಾಮುಂಡಿ ಬೆಟ್ಟಕ್ಕೆ ಒಯ್ದು ಪೂಜೆ ಮಾಡಿಸಿದ ಮೇಲೇ ಸೀಟಿನ ಪ್ಲಾಸ್ಟಿಕ್ ತೆಗೆದದ್ದು. ಆದರೆ ಗುಡಿಯಲ್ಲಿ ಕೈ ಮುಗಿದು ತೀರ್ಥ ತಗೊಂಡ ತಕ್ಷಣ ಆಚೆ ಹೋಗಿ ಹಾರ್ನ್ ಹೊಡೆಯುತ್ತಾರೆ. ನಾನಿನ್ನೂ ಪ್ರದಕ್ಷಿಣೆಯಲ್ಲಿದ್ದೇನೆ ಅಂತ ಗೊತ್ತಿದ್ದೇ ಹೊಡೆಯುತ್ತಾರೆ. ಆ ಶಬ್ದ ಕೇಳಿದ ಮೇಲೆ ತಾಯಿಯ ಮುಖ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ರಿಟೈರ್ ಆದಮೇಲೆ ಕಡಿಮೆ ಆಗಬಹುದು ಅಂದುಕೊಂಡಿದ್ದೆ. ಹೋಗುವುದಕ್ಕೆ ಆಫೀಸಿಲ್ಲದವರಿಗೇ ಅವಸರ ಜಾಸ್ತಿ ಅಂತ ಆಗ ಗೊತ್ತಾಯಿತು.

ಸೈಕಲ್ಲಿನಲ್ಲಿ ಒಬ್ಬಳೇ ಹೋದ ಮೊದಲ ಶುಕ್ರವಾರ ಗುಡಿಯ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದೆ. ಮಂಗಳಾರತಿ ತಟ್ಟೆ ಎರಡನೇ ಸಲ ಬಂದಾಗಲೂ ಅಲ್ಲೇ ಕೂತಿದ್ದೆ. ಯಾರೂ ಹಾರ್ನ್ ಹೊಡೆಯಲಿಲ್ಲ. ತಾಯಿ ಕೊಟ್ಟದ್ದು ಅಷ್ಟೇ, ಆದರೆ ಅಷ್ಟೂ ನನಗೇ ಅಂತ ಕೊಟ್ಟದ್ದು.

ಅದನ್ನು ಇವರಿಗೆ ತಡೆಯಲಾಗಲಿಲ್ಲ. ಎದುರು ಮನೆಯವರು “ಏನ್ ಸ್ವಾಮಿ, ಸ್ಕೂಟರ್ ಮಾರ್ಬುಟ್ರಾ? ಮನೆಯವ್ರು ಸೈಕಲ್ ಹೊಡೀತಾವ್ರೆ?” ಅಂದರಂತೆ. ರಾತ್ರಿ ಊಟಕ್ಕೆ ಕೂತಾಗ ಶುರುವಾಯಿತು.

“ಮಾನ ಕಳೀತಿದ್ದೀಯ ಕಣೇ. ಗುಜರಿಯವನು ಬರ್ಲಿ, ಕೊಟ್ಬುಡ್ತೀನಿ ಅದನ್ನ.”

“ಕೊಡಿ ನೋಡೋಣ.”

“ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರೇ ನೋಡ್ಕೊಳ್ಳೋರು?”

“ನೀವಂತೂ ಅಲ್ಲ ಬಿಡಿ.”

ಮಗಳು ತಟ್ಟೆಯಿಂದ ತಲೆಯೆತ್ತಿದಳು. “ಅಪ್ಪಾ, ಅಮ್ಮ ಇದೇ ಸೈಕಲ್ಲಲ್ಲಿ ಚಾಮುಂಡಿ ಬೆಟ್ಟ ಹತ್ತಿದ್ರೆ ಏನ್ ಮಾಡ್ತೀಯ? ಮುಂದಿನ ಭಾನುವಾರ ಯಾವುದೋ ಸೈಕಲ್ ಗುಂಪಿನೋರು ಕರ್ಕೊಂಡು ಹೋಗ್ತಾರೆ, ನಮ್ಮ ಫ್ಯಾಕ್ಟರಿಯೋರೂ ಇದ್ದಾರೆ. ಆಗದೇ ಇದ್ದೋರನ್ನ ಹಿಂದೆ ಬರೋ ವ್ಯಾನಲ್ಲಿ ಹತ್ತಿಸ್ಕೋತಾರೆ, ಭಯ ಇಲ್ಲ.”

ಇವರು ನಕ್ಕರು. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಕೈಲಿರುವ ಸೌಟಿನ ಮೇಲೆ ಹಿಡಿತ ಬಿಗಿಯಾಗುತ್ತದೆ. “ಹತ್ತಲಿ. ಸೈಕಲ್ಲು ಬೆಟ್ಟ ಹತ್ತಿದ್ರೆ ನಾನು ಬಾಯಿ ಬಿಡಲ್ಲ. ವ್ಯಾನ್ ಹತ್ತಿದ್ರೆ ಅಲ್ಲಿಂದ್ಲೇ ಗುಜರಿಗೆ. ಒಪ್ಪಿಗೆನಾ?”

“ಹೂಂ” ಅಂದೆ. ಸಿಟ್ಟಿನಲ್ಲಿ ಹೂಂ ಅಂದು ಆಮೇಲೆ ಅನುಭವಿಸುವುದು ನನ್ನ ಜಾತಕದಲ್ಲೇ ಇದೆ.

ಆ ಭಾನುವಾರ ಮಗಳಿಗೆ ಬೆಳಗಿನ ಶಿಫ್ಟು ಬಿತ್ತು. ಪಂಥ ಹಚ್ಚಿಕೊಟ್ಟವಳು ಬಸ್ಸು ಹತ್ತಿ ಹೊರಟುಹೋದಳು. ನಾನು ಸ್ನಾನ ಮಾಡಿ, ದೀಪ ಹಚ್ಚಿ, ಚೂಡಿದಾರ್ ಹಾಕಿಕೊಂಡು, ಮಲ್ಲಿಗೆ ಮುಡಿದು ಹೊರಟೆ. ಸೈಕಲ್ ಬುಟ್ಟಿಯಲ್ಲಿ ಒಂದು ಬಾಟಲಿ ನೀರು, ಹುರಿಗಡಲೆ ಬೆಲ್ಲದ ಪೊಟ್ಟಣ, ಸುಸ್ತಾದರೆ ಪಾನಕಕ್ಕೆ ಅಂತ ಎರಡು ನಿಂಬೆಹಣ್ಣು. ಇವರು ಉತ್ತನಹಳ್ಳಿ ಕಡೆಯ ರಸ್ತೆಯಿಂದ ಸ್ಕೂಟರಿನಲ್ಲಿ ಮೊದಲೇ ಮೇಲೆ ಹೋಗಿ ಕಾಯುತ್ತೇನೆ ಅಂದರು. “ವ್ಯಾನಿಂದ ಇಳಿಯೋದು ನೋಡ್ಬೇಕಲ್ಲ” ಅಂದರು.

ಬೆಟ್ಟದ ಬುಡದಲ್ಲಿ ಬ್ಯಾನರು ಕಟ್ಟಿದ್ದರು. ಮೈಗಂಟಿದ ಬಟ್ಟೆಯವರು, ಕಪ್ಪು ಕನ್ನಡಕದವರು. ಅವರ ಸೈಕಲ್ಲುಗಳು ನಿರಾಹಾರ ಏಕಾದಶಿ ಮಾಡಿದ ಹಾಗೆ ಸಣಕಲು. ಒಂದಕ್ಕೂ ಬೆಲ್ಲಿಲ್ಲ, ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ. ನನ್ನ ಬುಟ್ಟಿ ನೋಡಿ ಇಬ್ಬರು ಕಣ್ಣಲ್ಲೇ ಮಾತಾಡಿಕೊಂಡರು. ಕಿತ್ತಳೆ ಜಾಕೀಟಿನ ಹುಡುಗಿಯೊಬ್ಬಳು ಬೆನ್ನಿಗೆ ನಂಬರಿನ ಚೀಟಿ ಪಿನ್ನು ಮಾಡಿ, “ಆಂಟಿ, ಹೂ ತೆಗೀಬೇಕು, ಹೆಲ್ಮೆಟ್ ಕೂರಲ್ಲ” ಅಂದಳು. ತೆಗೆದೆ. ಎಸೆಯಲು ಮನಸ್ಸಾಗದೆ ಹ್ಯಾಂಡಲಿಗೆ ಸುತ್ತಿದೆ.

ಮೈಕಿನಲ್ಲಿ ಒಬ್ಬ ಕೂಗುತ್ತಿದ್ದ: “ಇದು ರೇಸ್ ಅಲ್ಲ ಫ್ರೆಂಡ್ಸ್, ನೇಚರ್ ಎಂಜಾಯ್ ಮಾಡಿ! ಲಾಸ್ಟಲ್ಲಿ ಇರೋರನ್ನ ಸ್ವೀಪ್ ವ್ಯಾನ್ ಪಿಕಪ್ ಮಾಡತ್ತೆ!”

“ಸ್ವೀಪ್ ಅಂದ್ರೇನಮ್ಮ?” ಅಂತ ಆ ಹುಡುಗಿಯನ್ನೇ ಕೇಳಿದೆ.

“ಗುಡಿಸೋದು ಆಂಟಿ. ಹಿಂದೆ ಉಳಿದೋರನ್ನೆಲ್ಲ ಎತ್ಕೊಂಡು ಬರತ್ತೆ.”

ಬೆಳಿಗ್ಗೆ ಹಾಡು ಹಾಕಿಕೊಂಡು ನಮ್ಮ ಬೀದಿಗೆ ಬರುವ ಕಸದ ಗಾಡಿ ಕಣ್ಣಮುಂದೆ ಬಂತು. ರೇಸಲ್ಲ ಅನ್ನುವುದೂ ಈ ಜನವೇ, ಹಿಂದುಳಿದವರನ್ನು ಗುಡಿಸುವುದೂ ಈ ಜನವೇ.

ಮೊದಲ ತಿರುವು ಹೇಗೋ ಆಯಿತು. ಎರಡನೆಯದರಲ್ಲಿ ಉಸಿರು ಗಂಟಲಿಗೆ ಬಂತು, ತೊಡೆ ಉರಿಯತೊಡಗಿತು. ಹಿಂದಿದ್ದವರೆಲ್ಲ ಮುಂದಾದರು. ದಾಟಿ ಹೋಗುವವರೆಲ್ಲ “ಗುಡ್ ಜಾಬ್ ಆಂಟಿ!”, “ಕಮಾನ್ ಆಂಟಿ!” ಅನ್ನುತ್ತಿದ್ದರು. ಹೊತ್ತು ಕಳೆಯಲಿ ಅಂತ ಬಂದವರ ಹುರುಪು ಅದು. ನಾನು ಹೊತ್ತದ್ದು ಸೈಕಲ್ಲಿನ ಪ್ರಾಣ. ಒಬ್ಬಳು ಫೋನು ನನ್ನ ಕಡೆ ತಿರುಗಿಸಿ “ಆಂಟಿ, ಒಂದು ಸ್ಮೈಲ್ ಕೊಡಿ!” ಅಂದಳು.

“ನಿಮ್ಮನೇಲಿ ದೊಡ್ಡೋರಿಲ್ವೇನಮ್ಮ? ಅವರನ್ನ ನಗ್ಸು ಹೋಗು” ಅಂದೆ. ಫೋನು ಜೇಬಿಗೆ ಹೋಯಿತು.

ಮುಂದಿನ ಏರಿನಲ್ಲಿ ಪೆಡಲು ನಿಂತೇಹೋಯಿತು. ಇಳಿದು ತಳ್ಳತೊಡಗಿದೆ. ಅದರಲ್ಲಿ ಅವಮಾನ ಏನಿದೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮತ್ತೆ ಹರಕೆ ಹೊತ್ತು ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತಿದವರು. ನಡುವೆ ಕೂತು ಸುಧಾರಿಸಿಕೊಂಡರು, ಮೊಮ್ಮಕ್ಕಳ ಸುದ್ದಿ ಮಾತಾಡಿದರು. ನಿಮ್ಮಿಂದ ಆಗಲಿಲ್ಲ ಅಂತ ಯಾರೂ ಅವರ ಹಿಂದೆ ಗಾಡಿ ಕಳಿಸಲಿಲ್ಲ.

ಊರು ಕಾಣುವ ಕಟ್ಟೆಯ ಹತ್ತಿರ ಎಲ್ಲ ನಿಂತು ಫೋಟೋ ಹೊಡೆಯುತ್ತಿದ್ದರು. ಅವರಿಗೆ ಅರಮನೆ ಕಂಡಿತು, ಕೆರೆ ಕಂಡಿತು. ನನಗೆ ನಮ್ಮ ಕಡೆಯ ಕಸದ ಗುಡ್ಡ ಕಂಡಿತು, ಅದರಿಂದ ನಮ್ಮ ಬೀದಿ ಎಲ್ಲಿ ಅಂತ ಗುರುತು ಹಿಡಿದೆ. ಅಷ್ಟರಲ್ಲಿ ಒಂದು ಕೋತಿ ಬಂದು ಬುಟ್ಟಿಗೆ ಕೈ ಹಾಕಿ ಕಡಲೆ ಬೆಲ್ಲ ಎತ್ತಿಕೊಂಡು ಹೋಯಿತು. ಅದರ ಗಲಾಟೆಯಲ್ಲಿ ನೀರಿನ ಬಾಟಲಿ ಉರುಳಿ ಪ್ರಪಾತ ಸೇರಿತು. ನಿಂಬೆಹಣ್ಣನ್ನು ಮೂಸಿ ನೋಡಿ ಬಿಟ್ಟಿತ್ತು. ಹೋಗಲಿ, ಹುಳಿಯಾದರೂ ಉಳಿಯಿತು.

ಫೋಟೋದವರೆಲ್ಲ ಹೊರಟುಹೋದರು. ರಸ್ತೆಯಲ್ಲಿ ನಾನೊಬ್ಬಳೇ. ಆಗ ಹಿಂದೆ ಹಾರ್ನ್ ಕೇಳಿಸಿತು.

ಹಾರ್ನ್ ಕೇಳಿದ್ದೇ ನನ್ನ ಬೆನ್ನು ನೆಟ್ಟಗಾಯಿತು. ವ್ಯಾನು ಪಕ್ಕಕ್ಕೆ ಬಂತು. ಅದರ ತಲೆಯ ಮೇಲೆ ಆಗಲೇ ಎರಡು ಸೈಕಲ್ಲು ಅಂಗಾತ ಮಲಗಿದ್ದವು. ಜಾಕೀಟಿನವನೊಬ್ಬ ಇಳಿದ.

“ಸಾಕು ಬನ್ನಿ ಆಂಟಿ, ಸೈಕಲ್ ಮೇಲಕ್ಕೆ ಹಾಕ್ತೀನಿ.”

“ಬೇಡಪ್ಪ.”

“ಟೈಮ್ ಆಗೋಯ್ತು. ಇನ್ನೇನ್ ಈ ರೋಡಿಗೆ ಬಸ್ಸು ಕಾರು ಎಲ್ಲಾ ಬಿಡ್ತಾರೆ. ನಿಮಗೇನಾದ್ರೂ ಆದ್ರೆ ನಮ್ ತಲೆಗೆ ಬರತ್ತೆ.”

“ನಾನು ರಸ್ತೆ ಪಕ್ಕ ನಡ್ಕೊಂಡು ಹೋಗ್ತಿದ್ದೀನಿ. ನೀನು ಹೋಗು.”

“ನಮ್ ನಂಬರ್ ಹಾಕ್ಕೊಂಡು ಹಂಗೆಲ್ಲ ಹೋಗಂಗಿಲ್ಲ ಆಂಟಿ. ರೂಲ್ಸು.” ಅಂದವನು ಕ್ಯಾರಿಯರ್ ಹಿಡಿದು ಎತ್ತಿಯೇಬಿಟ್ಟ. ಹಿಂದಿನ ಚಕ್ರ ನೆಲ ಬಿಟ್ಟಿತು.

ನಾನು ಹ್ಯಾಂಡಲಿಗೆ ಜೋತುಬಿದ್ದೆ. “ಕೈ ತೆಗಿ! ಇದು ವ್ಯಾನ್ ಹತ್ತಿದ್ರೆ ಗುಜರಿಗೆ ಹೋಗತ್ತೆ!”

“ಏನು?”

“ನಿನಗೆ ಬೇಡ ಅದೆಲ್ಲ. ಕೈ ತೆಗಿ ಅಂದೆ.”

ತೆಗೆದ. ಹುಚ್ಚಿಯ ಮುಖ ನೋಡುವ ಹಾಗೆ ನೋಡಿದ. “ಹಿಂಗೆ ಹಟ ಮಾಡಿದ್ರೆ ಹೆಂಗೆ ಆಂಟಿ? ನಂಬರಿರೋರನ್ನ ರೋಡಲ್ಲಿ ಬಿಟ್ಟು ಹೋದ್ರೆ ನನಗೆ ಬೈತಾರೆ.”

ಅವನೇ ದಾರಿ ತೋರಿಸಿದ. ಬೆನ್ನಿಗೆ ಕೈ ಹಾಕಿ ನಂಬರನ್ನು ಪಿನ್ನಿನ ಸಮೇತ ಕಿತ್ತು ಅವನ ಕೈಗೆ ಕೊಟ್ಟೆ. “ತಗೋ. ಈಗ ನಾನು ನಿಮ್ಮವಳಲ್ಲ, ತಾಯಿ ದರ್ಶನಕ್ಕೆ ಹೋಗೋ ಭಕ್ತೆ. ಭಕ್ತರನ್ನ ಗುಡಿಸೋಕೆ ನಿನಗೆ ಯಾರು ಹೇಳಿದ್ದಾರೆ?”

“ಮತ್ತೆ ಸೈಕಲ್ಲು?”

“ಅದೂ ಭಕ್ತಾದಿನೇ.”

ಡ್ರೈವರು ನಕ್ಕುಬಿಟ್ಟ. “ಬಿಡೋ ಮಾರಾಯ, ಹೋಗ್ಲಿ” ಅಂದ. ಜಾಕೀಟಿನವನು ಗೊಣಗಿಕೊಂಡೇ ಹತ್ತಿದ. ವ್ಯಾನು ಹೊರಡುವಾಗ ಕಿಟಕಿಯಿಂದ ಒಂದು ಬಾಟಲಿ ನೀರು ಚಾಚಿದ. ಇಸಕೊಂಡೆ. ಸಿಟ್ಟು ಬೇರೆ, ಬಾಯಾರಿಕೆ ಬೇರೆ.

ಮೇಲೆ ಮುಟ್ಟುವ ಹೊತ್ತಿಗೆ ಬ್ಯಾನರು ಬಿಚ್ಚುತ್ತಿದ್ದರು. ಇವರು ವಾಹನ ಪೂಜೆ ಮಾಡುವ ಜಾಗದ ಹತ್ತಿರ ಸ್ಕೂಟರಿಗೆ ಒರಗಿ ನಿಂತಿದ್ದರು. ವ್ಯಾನಿನೊಳಗೆ ಇಣುಕಿ ನೋಡಿ, ಕಾಣದೆ, ನಾಲ್ಕು ಜನರನ್ನು ವಿಚಾರಿಸಿದ್ದರಂತೆ. ನಾನು ಬರುತ್ತಿರುವುದು ಕಂಡಾಗ ಒಂದು ಕ್ಷಣ ಅವರ ಮುಖ ಹಗುರಾಯಿತು, ಸುಳ್ಳು ಹೇಳಲಾರೆ. ಮರುಕ್ಷಣ ಬಾಯಿ ತೆರೆದರು.

“ತಳ್ಕೊಂಡ್ ಬಂದ್ಯಾ? ತಳ್ಳೋದು ಹತ್ತೋದಾ? ಆಯ್ತು ನಡಿ, ಗುಜರಿಗೆ.”

“ವ್ಯಾನ್ ಹತ್ತಿದ್ರೆ ಗುಜರಿ ಅಂದಿದ್ದು ನೀವು. ಹತ್ತಿತಾ, ಕೇಳಿ ವ್ಯಾನಿನೋರನ್ನ.”

“ತುಳ್ಕೊಂಡು ಹತ್ತಬೇಕು ಅಂತ ಅದರ ಅರ್ಥ.”

“ಸೈಕಲ್ಲು ಬೆಟ್ಟ ಹತ್ತಿದ್ರೆ ಅಂದ್ರಿ. ಹತ್ತಿ ನಿಂತಿದೆ, ಕಣ್ ಬಿಟ್ಟು ನೋಡಿ.”

ಆಫೀಸಿನಲ್ಲಿ ಸವೆದ ಜೀವ, ಆಡಿದ ಮಾತಿಗೆ ತಿದ್ದುಪಡಿ ತರುವುದು ಬಿಟ್ಟೀತೆ. “ಮನೆಗೆ ನಡಿ, ಗುಜರಿಯವನಿಗೆ ಫೋನ್ ಮಾಡಾಗಿದೆ” ಅಂದರು. ಹೂವಿನವಳು ಬುಟ್ಟಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ತುಂಬಿತು, ಅಳುವಲ್ಲ, ಕೋಪ. ಇಷ್ಟು ಮಾಡಿ ತಂದರೂ ನಾಳೆ ಇದು ಹೋಗುತ್ತದೆ, ಶುಕ್ರವಾರ ಮತ್ತೆ ಹಾರ್ನು.

ಪಕ್ಕದಲ್ಲಿ ಯಾರದೋ ಹೊಸ ಕಾರಿಗೆ ಪೂಜೆ ಮುಗಿದಿತ್ತು. ಚಕ್ರದಡಿಯ ನಿಂಬೆಹಣ್ಣು ಪಿಚಕ್ಕನೆ ಒಡೆಯಿತು. ನಾನು ಬುಟ್ಟಿಯ ಕಡೆ ನೋಡಿದೆ. ಎರಡು ಹಣ್ಣು. ಎರಡು ಚಕ್ರ.

ಇವರು ಏನೋ ಹೇಳುತ್ತಿರುವಾಗಲೇ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಕಾರಿದ್ದ ಜಾಗದಲ್ಲಿ ಸ್ಟ್ಯಾಂಡ್ ಹಾಕಿದೆ.

“ಸ್ವಾಮಿ, ಇದಕ್ಕೊಂದು ಪೂಜೆ ಮಾಡಿಕೊಡಿ.”

ಪುರೋಹಿತರು ಮೇಲೆ ಕೆಳಗೆ ನೋಡಿದರು. “ಸೈಕಲ್ಲಿಗಾ? ಹೊಸದೇನಮ್ಮ?”

“ಹಳೇದೇ. ತಾಯಿ ಹತ್ತಿರಕ್ಕೆ ಬಂದಿದ್ದು ಇವತ್ತು.”

“ಹೂ ಆಗಲೇ ಸುತ್ಕೊಂಡು ಬಂದಿದ್ದೀರಲ್ಲ” ಅಂತ ಹ್ಯಾಂಡಲಿನ ಮಲ್ಲಿಗೆ ನೋಡಿ ನಕ್ಕರು. ಕುಂಕುಮ ತೆಗೆದುಕೊಂಡರು. “ಯಾರ ಹೆಸರಲ್ಲಿ ಸಂಕಲ್ಪ?”

ನನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಸವೆಯುತ್ತದೆ ಅಂತ ನನ್ನ ತಾಯಿ ಬೆಳೆಸಿದ್ದು. ಬ್ಯಾಂಕಿನಲ್ಲಿ ಕೇಳಿದರೂ ಮಗಳ ಕಡೆ ಕೈ ತೋರಿಸುವವಳು ನಾನು. ದೇವರ ಕಾರ್ಯಕ್ಕೆ ಮಾತ್ರ ಹೇಳಬಹುದು, ಅಲ್ಲಿ ದೋಷವಿಲ್ಲ. ಸೆರಗಿಲ್ಲದ ಹೆಗಲ ಮೇಲೆ ದುಪಟ್ಟಾ ಎಳೆದುಕೊಂಡು, ಇವರ ಹೆಸರು, ನಕ್ಷತ್ರ, ರಾಶಿ, ಮೂರನ್ನೂ ಹೂವಿನವಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

“ಏಯ್, ನನ್ನ ಹೆಸರ್ಯಾಕೆ?” ಅಂದರು ಇವರು ಹಿಂದಿನಿಂದ.

ಪುರೋಹಿತರು ತಿರುಗಿ “ನೀವೇನಾ ಯಜಮಾನ್ರು? ಮುಂದೆ ಬನ್ನಿ, ಅಕ್ಷತೆ ಹಿಡ್ಕೊಳ್ಳಿ” ಅಂದರು. ಬಂದರು. ಬರದೆ ಇರುವ ಧೈರ್ಯ ಇವರಿಗೆಲ್ಲಿ? ಚಪ್ಪಲಿ ಬಿಟ್ಟು, ಅಕ್ಷತೆ ಹಿಡಿದು, ಹಲ್ಲು ಕಚ್ಚಿಕೊಂಡು ನಿಂತರು. ಹ್ಯಾಂಡಲಿಗೆ, ಬೆಲ್ಲಿಗೆ, ಬುಟ್ಟಿಗೆ ಕುಂಕುಮ ಬಿತ್ತು. ಆರತಿ ಆಯಿತು. ಹಣ್ಣಿನ ಮೇಲೆ ಚಕ್ರ ಹಾಯಿಸಬೇಕಾದವರೂ ಯಜಮಾನರೇ. ಮುಂದಿನ ಹಣ್ಣು ಒಡೆಯಿತು, ಹಿಂದಿನದು ಜಾರಿ ಓಡಿತು. ಇವರೇ ಬಗ್ಗಿ ಹಿಡಿದು ತಂದು ಮತ್ತೆ ಇಟ್ಟು ಒಡೆದರು. ಅರ್ಧ ಪೂಜೆಗೆ ಬಿಡುವವರಲ್ಲ.

“ಯಾವತ್ತೂ ಕೈ ಬಿಡಬೇಡಿ ಇದನ್ನ” ಅಂತ ಪುರೋಹಿತರು ಹರಸಿದರು. ಎಲ್ಲರಿಗೂ ಹೇಳುವ ಮಾತೇ ಇರಬೇಕು. ನನಗೆ ತಾಯಿಯೇ ಬಾಯಿ ಹಾಕಿದ ಹಾಗಾಯಿತು.

ಆಮೇಲೆ ದರ್ಶನಕ್ಕೆ ಒಳಗೆ ಹೋಗಿ ಎಷ್ಟೋ ಹೊತ್ತು ನಿಂತಿದ್ದೆ. ಆಚೆ ಯಾವ ಹಾರ್ನೂ ಆಗಲಿಲ್ಲ.

“ಬುದ್ಧಿವಂತಿಕೆ ತೋರಿಸ್ತೀಯಾ?” ಅಂದರು, ನಾನು ಹೊರಗೆ ಬಂದಾಗ. ಆಮೇಲೆ ಆ ವಾರವೆಲ್ಲ ನನ್ನ ಜೊತೆ ಮಾತಿಲ್ಲ. ಅದನ್ನೂ ತಾಯಿಯ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡೆ. ಗುಜರಿಯವನು ಮಾತ್ರ ಹೇಳಿದ ಹಾಗೆ ಬಂದ. ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಕಿವಿ ಅಲ್ಲೇ ಇಟ್ಟಿದ್ದೆ.

“ಸೈಕಲ್ ಅಂದಿದ್ರಲ್ಲ ಸಾರ್? ಅದೇನಾ?”

“ಅದಲ್ಲ ಕಣಯ್ಯ. ಏನೂ ಇಲ್ಲ, ಹೋಗು.”

“ಫೋನಲ್ಲಿ ಹೇಳಿದ್ರಲ್ಲ ಸಾರ್...”

“ಕುಂಕುಮ ಕಾಣ್ಸಲ್ವೇನಯ್ಯ ನಿನಗೆ? ಹೋಗು ಅಂದೆ.”

ಶುಕ್ರವಾರ ಬಂತು. ತಲೆಗೆ ಎರೆದುಕೊಂಡು, ಹೂ ಮುಡಿದು ಆಚೆ ಬಂದರೆ ಹಿಂದಿನ ಟೈರು ನೆಲಕ್ಕೆ ಕೂತಿದೆ. ಪಂಕ್ಚರ್ ಅಲ್ಲ. ವಾಲ್ವಿನ ಮುಚ್ಚಳ ಜಗುಲಿಯ ಮೇಲೆ ನೀಟಾಗಿ ಕೂತಿತ್ತು. ಇವರು ಪೇಪರು ಅಗಲಿಸಿಕೊಂಡು ಮುಖ ಮುಚ್ಚಿಕೊಂಡಿದ್ದರು. ತಮ್ಮ ಹೆಸರಲ್ಲಿ ಪೂಜೆಯಾದ ಗಾಡಿಯನ್ನು ಗುಜರಿಗೆ ಹಾಕಬಾರದು ನಿಜ, ಗಾಳಿ ಬಿಡಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲವಲ್ಲ.

ನಾನು ಒಳಗೆ ಹೋಗಿ ಗಾಳಿ ಹೊಡೆಯುವ ಪಂಪು ತಂದೆ. ಅದನ್ನು ದೇವರ ಮನೆಯಲ್ಲಿಟ್ಟಿದ್ದೇನೆ, ಪೇಪರು ಓದಿ ಮುಗಿಸದೆ ಇವರು ಸ್ನಾನಕ್ಕೆ ಹೋಗುವುದಿಲ್ಲ, ಸ್ನಾನ ಮಾಡದೆ ಅಲ್ಲಿಗೆ ಕಾಲಿಡುವುದಿಲ್ಲ.