ಹರಿವ ನೀರಿನ ಪಾಚಿ ಮತ್ತು ಶಕುಂತಲಮ್ಮ ಮೇಡಂ

ಶಿವಮೊಗ್ಗದಲ್ಲಿ ಸಸ್ಯವಿಜ್ಞಾನ ಕಲಿತ ಎರಡು ತಲೆಮಾರಿನವರಿಗೆ ಪ್ರೊ. ಶಕುಂತಲಮ್ಮನವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಪಠ್ಯಪುಸ್ತಕದ ಚಿತ್ರಗಳಲ್ಲಷ್ಟೇ ಕಂಡಿದ್ದ ಸಿಹಿನೀರಿನ ಪಾಚಿಗಳನ್ನು ನಮ್ಮದೇ ಹೊಳೆಗಳ ದಡದಲ್ಲಿ ನಮ್ಮನ್ನು ನಿಲ್ಲಿಸಿ ತೋರಿಸಿಕೊಟ್ಟ ಅಧ್ಯಾಪಕಿ ಅವರು.

೧೯೯೪ರಲ್ಲಿ ನಾನು ಬಿ.ಎಸ್ಸಿ. ಮುಗಿಸಿದಾಗ, ಎಂ.ಎಸ್ಸಿ. ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡಬಹುದಾದ ಕೋರ್ಸೊಂದು ಬೆಂಗಳೂರಿನಲ್ಲಿದೆಯೆಂದು ತಿಳಿಸಿ, ಪ್ರವೇಶ ಪರೀಕ್ಷೆಗೆ ಕೂರಿಸಿದವರೂ ಅವರೇ. ಆಯ್ಕೆಯಾದೆ. ಆದರೆ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಂದೆ ಮುರುಗೇಶಪ್ಪನವರು ಒಪ್ಪಲಿಲ್ಲ. ಸುದ್ದಿ ತಿಳಿದ ಮೇಡಂ ಭಾನುವಾರ ಬಸ್ಸು ಹಿಡಿದು ನಮ್ಮ ಕ್ವಾರ್ಟರ್ಸಿಗೇ ಬಂದರು.

"ಆರೇಳು ವರ್ಷ ಓದ್ತಾ ಕೂತ್ರೆ ಮದುವೆ ಯಾವಾಗ ಮಾಡೋದು ಮೇಡಂ?" ಎಂದರು ಅಪ್ಪ.

"ಒಳ್ಳೆ ಗಂಡು ಸಿಕ್ಕಾಗ ಮಾಡ್ರಿ, ಬ್ಯಾಡ ಅಂದೋರು ಯಾರು? ಈ ಸೀಟು ಮಾತ್ರ ಮತ್ತೆ ಸಿಗಲ್ಲ."

"ಜವಾಬ್ದಾರಿ ನೀವು ತಗೊಳ್ತೀರಾ?"

"ತಗೊಂಡೇ ಬಂದಿದೀನಿ."

ಅಪ್ಪ ಮೇಡಂಗೆ ಕಾಫಿ ಮಾಡುವಂತೆ ಅಮ್ಮನಿಗೆ ಹೇಳಿದರು. ಒಪ್ಪಿಗೆ ಹಾಗೆ ಸಿಕ್ಕಿತು.

ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ನಾನೇ ಸೋತಿದ್ದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಪಾಚಿಯೆಲ್ಲ ಸತ್ತುಹೋಗುತ್ತಿತ್ತು. ಎಂ.ಎಸ್ಸಿ. ಪದವಿಯನ್ನಷ್ಟೇ ಪಡೆದು ಹೊರಬರಲು ಅವಕಾಶವಿತ್ತು. ಹಾಗೆಯೇ ಮಾಡುವುದೆಂದು ನಿಶ್ಚಯಿಸಿ ಊರಿಗೆ ಬಂದೆ. ಮೇಡಂ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ, ಹೊಳೆಹೊನ್ನೂರಿಗೆ ಕರೆದೊಯ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಭದ್ರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಹಸಿರುಗಟ್ಟಿದ ಕಲ್ಲೊಂದನ್ನು ತಡವಿದರು.

"ಇಲ್ಲಿ ಇಷ್ಟು ಸೊಂಪಾಗಿದೆ ಮಾರಾಯ್ತಿ, ನಿನ್ನ ಬಾಟ್ಲಿಲಿ ಯಾಕೆ ಸಾಯ್ತಿದೆ?"

"ಗೊತ್ತಿಲ್ಲ ಮೇಡಂ."

"ಅದನ್ನೇ ಹುಡುಕು. ಅದಕ್ಕಿಂತ ಒಳ್ಳೆ ಪ್ರಶ್ನೆ ಎಲ್ಲಿ ಸಿಗುತ್ತೆ ನಿಂಗೆ?"

ನಾನು ಬೆಂಗಳೂರಿಗೆ ಮರಳಿದೆ. ನಿಂತ ನೀರಿನ ಬಾಟಲಿಗಳನ್ನು ಬದಿಗಿಟ್ಟು, ನೀರು ಸದಾ ಹರಿಯುವಂಥ ತಟ್ಟೆಗಳನ್ನು ಜೋಡಿಸಿದೆ; ಪಾಚಿ ಬದುಕಿತು. ೨೦೦೧ರಲ್ಲಿ ಸಲ್ಲಿಸಿದ ನನ್ನ ಮಹಾಪ್ರಬಂಧ ಅದನ್ನು ಕುರಿತದ್ದೇ.

ಈ ವರ್ಷ ನಿವೃತ್ತರಾದ ಮೇಡಂ, ಕಳೆದ ತಿಂಗಳು ನಾನೀಗ ಪಾಠ ಮಾಡುತ್ತಿರುವ ವಿಭಾಗಕ್ಕೆ ಬಂದಿದ್ದರು. ಮದುವೆಯಾದ ವರ್ಷ ತಾವು ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟದ್ದನ್ನು ಅಂದು ಮೊದಲ ಬಾರಿಗೆ ಹೇಳಿ, "ಪಿಎಚ್.ಡಿ.ಗೆ ಸೇರ್ತೀನಿ. ನಂಗೆ ಗೈಡ್ ಆಗ್ತೀಯೇನೇ ತನುಜಾ?" ಎಂದು ಕೇಳಿದರು. ನಾನು ತಟ್ಟನೆ ಎದ್ದು ನಿಂತೆ.

"ಕೂತ್ಕೊಳ್ಳೇ, ಇನ್ಮೇಲೆ ಎದ್ದು ನಿಲ್ಬೇಕಾದೋಳು ನಾನು" ಎಂದು ನಕ್ಕರು.

ಅವರ ಆಯುಷ್ಯ ಬೆಳೆಯಲಿ, ಸೂಕ್ಷ್ಮದರ್ಶಕದ ಮುಂದೆ ಅವರ ಕಣ್ಣು ದಣಿಯದಿರಲಿ. ಗುರುಗಳೆಂಬ ದಾಕ್ಷಿಣ್ಯಕ್ಕೆ ಅವರ ಪ್ರಬಂಧದಲ್ಲಿ ಒಂದು ತಪ್ಪನ್ನೂ ಬಿಡಲಾರೆನೆಂದು, ಅವರಿಂದಲೇ ಕಲಿತ ನಾನು ಇಲ್ಲಿ ಬಹಿರಂಗವಾಗಿ ಮಾತು ಕೊಡುತ್ತಿದ್ದೇನೆ.