ಕಣ್ಣು ಮುಚ್ಚಿ ನೋಡಿದ ಬಾದಾಮಿ

ಎಂಬತ್ತರ ದಶಕದ ಆರಂಭ. ನಾನು ಬಾಗಲಕೋಟೆಯಲ್ಲಿ ಬಿ.ಎ. ಓದುತ್ತಿದ್ದೆ. ದೇಶದ ತುಂಬ ಹಬ್ಬಿದ್ದ ಕಣ್ಣುಬೇನೆ ನಮ್ಮ ಹಾಸ್ಟೆಲಿಗೂ ಬಂತು. ಬೆಳಿಗ್ಗೆ ಎದ್ದರೆ ಬೇನೆ ಬಂದವರ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು, ಬಿಡಿಸಿದರೆ ಒಳಗೆ ಉರಿ. ನೋಡನೋಡುತ್ತ ಅರ್ಧ ಹಾಸ್ಟೆಲು ಮಲಗಿತು. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು.

ಊರಿಗೆ ಹೊರಟವರನ್ನು ವಾರ್ಡನ್ ಬಾಗಿಲಲ್ಲೇ ತಡೆದರು. "ಹುನಗುಂದ, ಇಳಕಲ್ಲ ಅಂತ ಬಸ್ ಹತ್ತಿ ಮನಿಮಂದಿಗೆಲ್ಲಾ ಹಚ್ತೀರೇನು? ಇಲ್ಲೇ ಇರ್ರಿ. ನಿಮ್ಮನ್ನ ನಾ ನೋಡ್ಕೋತೇನಿ."

ಬೇನೆ ಬಂದವರೆಲ್ಲ ದೊಡ್ಡ ಹಾಲಿಗೆ ಬಂದರು. ಹಾಸ್ಟೆಲಿನ ಹಿಂದೆ ಒಬ್ಬರೇ ಇದ್ದ ನಮ್ಮ ಇತಿಹಾಸದ ಮೇಷ್ಟ್ರಿಗೂ ಕಣ್ಣು ಬಂದಿದ್ದವು. ವಾರ್ಡನ್ ಅವರಿಗೂ ಅಲ್ಲೇ ಒಂದು ಮಂಚ ಹಾಕಿಸಿದರು. ಮೇಷ್ಟ್ರು ಭಾರೀ ಸಿಡುಕಿನ ಮನುಷ್ಯ. ಅವರಿದ್ದಲ್ಲಿ ಕೆಮ್ಮಲೂ ನಮಗೆ ಅಂಜಿಕೆ.

ಬೇನೆ ಬಾರದ ನಾನು ಕಿಟಕಿಯ ಹೊರಗೆ ನಿಂತು ಎಲ್ಲರಿಗೂ ಪಾಠ ಓದಿ ಹೇಳಬೇಕಾಯಿತು. ಚಾಲುಕ್ಯರ ಆಳ್ವಿಕೆ ಎರಡು ಪುಟ ಮುಗಿದಿರಲಿಲ್ಲ, ಮೇಷ್ಟ್ರು ಗದರಿದರು.

"ನಿಲ್ಸೋ! ಏನದು? ಬರೀ ಹೆಸರು, ಇಸವಿ. ಯಾರು ಬರದಾರದನ್ನ?"

ನಾನು ಮೆಲ್ಲಗೆ ಹೇಳಿದೆ, "ನೀವು ಕೊಟ್ಟ ನೋಟ್ಸ್ ರೀ ಸರ್."

ಮೊದಲು ನಕ್ಕವರು ಮೇಷ್ಟ್ರೇ! ಹೊಟ್ಟೆ ಹಿಡಿದುಕೊಂಡು ನಕ್ಕರು. ನೋಯುವ ಕಣ್ಣುಗಳಿಂದ ನೀರು ಸುರಿಸುತ್ತ ಎಲ್ಲರೂ ನಕ್ಕರು.

"ಅದನ್ನ ಮುಚ್ಚಿಡು," ಎನ್ನುತ್ತ ಮೇಷ್ಟ್ರು ಎದ್ದು ಕೂತರು. "ನಾ ಬಾದಾಮಿಯಾಂವ. ಕೇಳ್ರಿ. ನಮ್ಮವ್ವ ಕೆರಿ ಮೆಟ್ಟಲ ಮ್ಯಾಲೆ ಅರಿವಿ ಒಗೀತಿದ್ಲು. ಸಪ್ಪಳ ಗುಡ್ಡಕ್ಕ ಬಡದು ಹೊಳ್ಳಿ ಬರ್ತಿತ್ತು. ಅಲ್ಲೊಬ್ಬಾಕಿ ಒಗ್ಯಾಕ್ಹತ್ಯಾಳ ಅಂತ ನಾ ಭಾಳ ದಿನ ತಿಳದಿದ್ದೆ!"

ಅಲ್ಲಿಂದ ನಮ್ಮನ್ನು ಮಾತಿನಲ್ಲೇ ಗುಹೆಗೆ ಹತ್ತಿಸಿದರು, ಬಂಡೆ ಕಡಿದವರ ಕೈಗಳನ್ನು ಕಾಣಿಸಿದರು. ಕಣ್ಣು ಮುಚ್ಚಿದ್ದ ಹುಡುಗರು ಮಂಚದ ಮೇಲೆ ಎದ್ದು ಕೂತು, "ಮುಂದರೀ ಸರ್?" ಎಂದು ಕಾಡತೊಡಗಿದರು. ಮರುದಿನದಿಂದ ನಮ್ಮಂಥ ಚೆನ್ನಾಗಿದ್ದವರೂ ಕಿಟಕಿಯ ಹೊರಗೆ ಜಾಗಕ್ಕಾಗಿ ತಳ್ಳಾಡಿದೆವು.

ಎಲ್ಲರ ಕಣ್ಣು ನೆಟ್ಟಗಾದ ಮೇಲಿನ ಭಾನುವಾರ ಬಸ್ಸು ಹಿಡಿದು ಬಾದಾಮಿಗೆ ಹೋದೆವು. ಇಳಿದದ್ದೇ ತಡ, ಹೋ ಎಂದು ಕೂಗುತ್ತ ಓಡಿದೆವು. ಮೇಷ್ಟ್ರು ಧೋತರ ಎತ್ತಿ ಕಟ್ಟಿಕೊಂಡು, ನಮಗಿಂತ ಮುಂದೆ ಗುಹೆಯ ಮೆಟ್ಟಿಲು ಹತ್ತುತ್ತಿದ್ದರು.